ಮೊದಲು ನೀರು, ಆಮೇಲೆ ಕ್ಯಾಮರಾ

ಆವಣಿಯಲ್ಲಿ ತೆಗೆದ ನನ್ನ ಮೊದಲ ರೋಲು ಒಣಗಿದ ಮೇಲೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಬೆಟ್ಟದ ಬಂಡೆ ಚೆನ್ನಾಗಿ ಬಂದಿತ್ತು, ರಾಮಲಿಂಗೇಶ್ವರ ದೇವಸ್ಥಾನದ ಗೋಡೆಯೂ ಚೆನ್ನಾಗಿ ಬಂದಿತ್ತು. ಆಕಾಶದ ತುಂಬ ಮಾತ್ರ ಸುಣ್ಣದ ನೀರು ಚಿಮುಕಿಸಿದ ಹಾಗೆ ದುಂಡು ದುಂಡು ಕಲೆ. ಬೆರಳಲ್ಲಿ ಒರೆಸಿದೆ. ಕಲೆ ಹೋಗಲಿಲ್ಲ, ಗೀರು ಬಿತ್ತು. ಮುಳಬಾಗಿಲಿನ ಪೇಟೆಯಲ್ಲಿ ಹಿಂದೆ ಸ್ಟುಡಿಯೊ ಇಟ್ಟಿದ್ದ ಹಿರಿಯರೊಬ್ಬರ ಹತ್ತಿರ ಆ ರೋಲನ್ನು ತೆಗೆದುಕೊಂಡು ಹೋದೆ. ಅವರು ಕನ್ನಡಕವನ್ನು ಹಣೆಗೇರಿಸಿ, ನೆಗೆಟಿವ್ ಅನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು, ಒಂದೇ ಮಾತು ಕೇಳಿದರು.

‘ಯಾವ ನೀರಲ್ಲಿ ತೊಳೆದ್ರಿ ಸಾರ್?’

‘ಮನೆ ಬೋರ್ ನೀರು.’

‘ಅದೇ ಮತ್ತೆ. ಕ್ಯಾಮರಾಕ್ಕೆ ಅಷ್ಟು ದುಡ್ಡು ಸುರಿದಿದ್ದೀರ, ಒಂದು ಕ್ಯಾನ್ ಒಳ್ಳೆ ನೀರು ತರಲಿಲ್ಲ. ಮೊದ್ಲು ನೀರು ನೋಡ್ಬೇಕು, ಕ್ಯಾಮರಾ ಆಮೇಲೆ.’

ಫಿಲ್ಮ್ ಕ್ಯಾಮರಾ ಕೊಳ್ಳಬೇಕು, ಮನೆಯಲ್ಲೇ ರೋಲು ತೊಳೆಯಬೇಕು ಅಂತ ಈಗ ಕೋಲಾರ, ಮಾಲೂರು ಕಡೆಯ ಹುಡುಗ ಹುಡುಗಿಯರು ಕೇಳುತ್ತಾರೆ. ಯಾವ ಕ್ಯಾಮರಾ ತೆಗೆದುಕೊಳ್ಳಲಿ ಅನ್ನುವುದು ಅವರ ಮೊದಲ ಪ್ರಶ್ನೆ. ಕಳೆದ ಎರಡು ವರ್ಷ ಒಂದೊಂದಾಗಿ ಸಾಮಾನು ಕೊಂಡು, ಕೆಲವನ್ನು ಕೆಡಿಸಿಕೊಂಡು, ಕೆಲವನ್ನು ಕಲಿತ ಮೇಲೆ ನಾನು ಕೊಡುವ ಉತ್ತರವೂ ಆ ಹಿರಿಯರದೇ. ನಮ್ಮ ಬಯಲುಸೀಮೆಯಲ್ಲಿ ಚಿತ್ರವನ್ನು ಉಳಿಸುವುದೂ ಕೆಡಿಸುವುದೂ ನೀರು, ಸೆಖೆ, ಕತ್ತಲೆ ಈ ಮೂರೇ. ದುಡ್ಡು ಹಾಕಬೇಕಾದದ್ದು ಮೊದಲು ಅಲ್ಲಿಗೆ.

ಹೆಪ್ಪು ಬಿದ್ದ ಬೆಳ್ಳಿ

ಸಾಮಾನಿನ ಮಾತಿಗೆ ಮುಂಚೆ ಫಿಲ್ಮಿನೊಳಗೆ ನಡೆಯುವುದನ್ನು ತಿಳಿದರೆ ಯಾವುದು ಯಾಕೆ ಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಫಿಲ್ಮ್ ಅಂದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಬಳಿದ ಜೆಲಾಟಿನ್. ಆ ಜೆಲಾಟಿನ್ನಿನಲ್ಲಿ ಬೆಳ್ಳಿ ಮತ್ತು ಬ್ರೋಮಿನ್ ಕೂಡಿ ಆದ ಸಣ್ಣ ಸಣ್ಣ ಹರಳುಗಳು ಹರಡಿಕೊಂಡಿರುತ್ತವೆ. ಶಟರ್ ತೆರೆದು ಮುಚ್ಚುವ ಆ ಚಿಟಿಕೆ ಹೊತ್ತಿನಲ್ಲಿ ಬೆಳಕು ಬಿದ್ದ ಹರಳಿನ ಮೇಲೆ ಕೆಲವೇ ಕೆಲವು ಬೆಳ್ಳಿಯ ಪರಮಾಣುಗಳು ಬಿಡುಗಡೆಯಾಗಿ ಕೂರುತ್ತವೆ. ಆಗ ಫಿಲ್ಮ್ ತೆಗೆದು ನೋಡಿದರೆ ಕಣ್ಣಿಗೆ ಏನೂ ಕಾಣದು. ಆದರೆ ಹಾಲಿಗೆ ಹೆಪ್ಪು ಬಿದ್ದಾಗಿದೆ.

ಹಾಲಿನ ಜಿಲ್ಲೆಯಾದ ಕೋಲಾರದವರಿಗೆ ಇದಕ್ಕಿಂತ ಒಳ್ಳೆಯ ಹೋಲಿಕೆ ಬೇಕಿಲ್ಲ. ಒಂದು ಹನಿ ಮಜ್ಜಿಗೆ ಇಡೀ ಪಾತ್ರೆಯ ಹಾಲನ್ನು ಮೊಸರು ಮಾಡುವ ಹಾಗೆ, ಆ ನಾಲ್ಕಾರು ಪರಮಾಣುಗಳನ್ನು ಹಿಡಿದುಕೊಂಡು ಡೆವಲಪರ್ ಅನ್ನುವ ದ್ರಾವಣ ಇಡೀ ಹರಳನ್ನು ಕಪ್ಪು ಬೆಳ್ಳಿಯಾಗಿಸುತ್ತದೆ. ಹೆಪ್ಪು ಬೀಳದ ಹರಳು ಹಾಗೆಯೇ ಉಳಿಯುತ್ತದೆ. ಮೊಸರಿನ ನಿಯಮಗಳೆಲ್ಲ ಇಲ್ಲಿಗೂ ಹೊಂದುತ್ತವೆ. ಚಳಿಯಲ್ಲಿ ನಿಧಾನ, ಬೇಸಿಗೆಯಲ್ಲಿ ಬೇಗ, ಹೆಚ್ಚು ಹೊತ್ತು ಬಿಟ್ಟರೆ ಹುಳಿ. ಫಿಲ್ಮಿನ ಮಟ್ಟಿಗೆ ಹುಳಿ ಅಂದರೆ ಹೆಪ್ಪು ಬೀಳದ ಹರಳೂ ಕಪ್ಪಾಗತೊಡಗಿ ನೆಗೆಟಿವ್ ಪೂರ್ತಿ ಮಂಕಾಗುವುದು.

ಉಳಿದ ಹರಳುಗಳನ್ನು ತೆಗೆಯದಿದ್ದರೆ ಬೆಳಕಿಗೆ ತಂದ ಮೇಲೆ ಅವೂ ನಿಧಾನಕ್ಕೆ ಕಪ್ಪಾಗುತ್ತವೆ. ಅವನ್ನು ಕರಗಿಸಿ ಹೊರತೆಗೆಯುವುದು ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್. ಇದು ಬೆಳ್ಳಿಯ ಲವಣವನ್ನು ಕರಗಿಸುತ್ತದೆಂದು ಜಾನ್ ಹರ್ಷೆಲ್ ಕಂಡುಕೊಂಡದ್ದು 1819ರಲ್ಲಿ. ಫೋಟೊಗ್ರಫಿ ಲೋಕಕ್ಕೆ ಪ್ರಕಟವಾದದ್ದೇ ಅದಾಗಿ ಇಪ್ಪತ್ತು ವರ್ಷದ ಮೇಲೆ. ಕೆಜಿಎಫ್‌ನಲ್ಲಿ ಪುಡಿ ಮಾಡಿದ ಅದಿರಿನಿಂದ ಸೈನೈಡ್ ನೀರು ಚಿನ್ನವನ್ನು ಕರಗಿಸಿ ಎಳೆದುಕೊಳ್ಳುತ್ತಿತ್ತಲ್ಲ, ಹೈಪೋ ಬೆಳ್ಳಿಯ ಲವಣಕ್ಕೆ ಮಾಡುವ ಕೆಲಸವೂ ಅಂಥದ್ದೇ. ಗಾಜಿನ ಪ್ಲೇಟಿನ ಕಾಲದ ಫೋಟೊಗ್ರಾಫರುಗಳು ಹೈಪೋ ಬದಲಿಗೆ ಸೈನೈಡನ್ನೇ ಬಳಸಿದ್ದೂ ಉಂಟು.

ಬೋರ್ ನೀರು, ಆರ್‌ಒ ನೀರು, ಬ್ಯಾಟರಿ ನೀರು

ವರ್ಷವಿಡೀ ಹರಿಯುವ ನದಿ ನಮ್ಮ ಜಿಲ್ಲೆಯಲ್ಲಿಲ್ಲ. ನಲ್ಲಿಯಲ್ಲಿ ಬರುವುದು ಬಹುಮಟ್ಟಿಗೆ ಆಳದ ಕೊಳವೆಬಾವಿಯ ಗಡಸು ನೀರು. ಅದರಲ್ಲಿರುವ ಫ್ಲೋರೈಡ್ ನಮ್ಮ ಹಲ್ಲಿಗೂ ಮೂಳೆಗೂ ಶತ್ರು. ಫಿಲ್ಮಿಗೆ ತೊಂದರೆ ಕೊಡುವುದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಡೆವಲಪರ್ ಕಲಸುವಾಗ ಕ್ಯಾಲ್ಸಿಯಂ ಅದರಲ್ಲಿರುವ ಸಲ್ಫೈಟಿನ ಜೊತೆ ಸೇರಿ ಬಿಳಿಯ ಗಸಿ ಕಟ್ಟುತ್ತದೆ. ಆ ಗಸಿ ಫಿಲ್ಮಿಗೆ ಅಂಟಿದರೆ ತೊಳೆದರೂ ಬಿಡದು. ಕೊನೆಯಲ್ಲಿ ಒಣಗಲು ಹಾಕಿದಾಗ ಪ್ರತಿ ಹನಿ ತಾನು ಆರಿ, ತನ್ನೊಳಗಿನ ಉಪ್ಪನ್ನು ದುಂಡಗೆ ಬಿಟ್ಟು ಹೋಗುತ್ತದೆ. ಸ್ಟೀಲ್ ಲೋಟದ ಮೇಲೆ, ಬಚ್ಚಲಿನ ನಲ್ಲಿಯ ಮೇಲೆ ದಿನವೂ ನೋಡುವ ಕಲೆಯೇ ಅದು. ನನ್ನ ಆವಣಿಯ ಆಕಾಶದಲ್ಲಿದ್ದದ್ದೂ ಅದೇ.

ಪರಿಹಾರ ದುಬಾರಿಯಲ್ಲ. ಹಳ್ಳಿಹಳ್ಳಿಗೂ ಬಂದಿರುವ ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಒ ನೀರು ಡೆವಲಪರ್, ಹೈಪೋ ಕಲಸುವುದಕ್ಕೆ ಸಾಕು. ಕಟ್ಟಕಡೆಯ ಒಂದು ಮುಳುಗಿಗೆ ಮಾತ್ರ ಡಿಸ್ಟಿಲ್ಡ್ ವಾಟರ್ ಬೇಕು. ಟ್ರ್ಯಾಕ್ಟರು, ಯುಪಿಎಸ್ ಬ್ಯಾಟರಿಗೆ ಹಾಕುವ ಆ ನೀರು ಐದು ಲೀಟರ್ ಕ್ಯಾನಿನಲ್ಲಿ ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಕೇಳುವಾಗ ‘ಬ್ಯಾಟರಿ ನೀರು’ ಅಂತಷ್ಟೇ ಕೇಳಬೇಡಿ. ಅದೇ ಅಂಗಡಿಯಲ್ಲಿ ಆಸಿಡ್ಡೂ ಅಂಥದೇ ಕ್ಯಾನಿನಲ್ಲಿ ಇರುತ್ತದೆ. ಸೀಲು ನೋಡಿ, ಹೆಸರು ಓದಿ ತನ್ನಿ. ಅರ್ಧ ಲೀಟರ್ ಡಿಸ್ಟಿಲ್ಡ್ ನೀರಿಗೆ ಫೋಟೊ-ಫ್ಲೊ ಅಥವಾ ಇಲ್ಫೊಟಾಲ್ ಎರಡು ಮೂರು ಹನಿ ಹಾಕಿ ಫಿಲ್ಮನ್ನು ಅರ್ಧ ನಿಮಿಷ ಅದ್ದಿದರೆ, ನೀರು ಹನಿಗಟ್ಟದೆ ಹಾಳೆಯಾಗಿ ಜಾರಿ ಇಳಿಯುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದರಾಗದೇ ಅಂತ ಕೇಳುತ್ತಾರೆ. ಅದರಲ್ಲಿ ಬಣ್ಣ, ವಾಸನೆ ಎಲ್ಲ ಇರುತ್ತದೆ, ಬೇಡ.

ತೊಳೆಯುವ ನೀರಿನ ಪ್ರಮಾಣ ಇನ್ನೊಂದು ಚಿಂತೆ. ನಲ್ಲಿ ಬಿಟ್ಟು ಅರ್ಧ ಗಂಟೆ ಹರಿಯುವ ನೀರಿನಲ್ಲಿ ತೊಳೆಯಿರಿ ಅಂತ ಹಳೆಯ ಪುಸ್ತಕಗಳು ಹೇಳುತ್ತವೆ. ಟ್ಯಾಂಕರ್ ನೀರು ಕೊಳ್ಳುವ ಊರಿನಲ್ಲಿ ಅದು ತಪ್ಪು ಲೆಕ್ಕ. ಇಲ್ಫರ್ಡ್ ಕಂಪನಿಯೇ ಹೇಳಿಕೊಟ್ಟ ಒಂದು ಕ್ರಮವಿದೆ. ಟ್ಯಾಂಕಿಗೆ ನೀರು ತುಂಬಿ ಐದು ಸಲ ಮೇಲೆ ಕೆಳಗೆ ತಿರುಗಿಸಿ ಚೆಲ್ಲಿ. ಮತ್ತೆ ತುಂಬಿ ಹತ್ತು ಸಲ, ಮತ್ತೆ ತುಂಬಿ ಇಪ್ಪತ್ತು ಸಲ. 35 ಎಂಎಂ ರೋಲಿಗೆ ಒಂದು ಸಲಕ್ಕೆ ಸುಮಾರು 300 ಮಿಲಿ ಸಾಕು, ಅಂದರೆ ಒಂದು ಲೀಟರಿನೊಳಗೆ ಕೆಲಸ ಮುಗಿಯಿತು. ಪದರ ಗಟ್ಟಿ ಮಾಡುವ ಹಾರ್ಡನರ್ ಇರುವ ಹೈಪೋ ಬಳಸಿದ್ದರೆ ಮಾತ್ರ ಈ ಕ್ರಮ ಸಾಲದು. ನಾನು ಇದಕ್ಕೆ ಆರ್‌ಒ ನೀರನ್ನೇ ಬಳಸುತ್ತೇನೆ. ಬೋರ್ ನೀರು ಬಳಸಿದರೂ ನಡೆಯುತ್ತದೆ, ಕೊನೆಯ ಮುಳುಗು ತಪ್ಪಬಾರದು ಅಷ್ಟೆ.

ಥರ್ಮಾಮೀಟರು ಮತ್ತು ಮಡಕೆ

ನಾನು ಕೊಂಡ ಸಾಮಾನಿನಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಒಂದು ಥರ್ಮಾಮೀಟರು. ಡೆವಲಪರ್ ಡಬ್ಬಿಯ ಮೇಲಿನ ಲೆಕ್ಕವೆಲ್ಲ 20 ಡಿಗ್ರಿ ಸೆಲ್ಸಿಯಸ್‌ಗೆ ಬರೆದದ್ದು. ಡಿಸೆಂಬರಿನ ಬೆಳಗ್ಗೆ ಬಿಟ್ಟರೆ ನಮ್ಮ ನಲ್ಲಿಯಲ್ಲಿ 20 ಡಿಗ್ರಿ ನೀರು ಎಲ್ಲಿಂದ ಬರಬೇಕು? ಏಪ್ರಿಲ್ ಮಧ್ಯಾಹ್ನ ತಾರಸಿಯ ಸಿಂಟೆಕ್ಸ್ ಟ್ಯಾಂಕಿನ ನೀರು ಕೈ ಸುಡುತ್ತದೆ.

ಎರಡು ದಾರಿ ಇವೆ. ಒಂದು, ಶಾಖ ಹೆಚ್ಚಿದಷ್ಟು ಹೊತ್ತು ಕಡಿಮೆ ಮಾಡುವುದು. ಒಂದು ಡಿಗ್ರಿ ಏರಿದರೆ ಹೆಚ್ಚುಕಡಿಮೆ ನೂರಕ್ಕೆ ಹತ್ತು ಪಾಲು ಸಮಯ ಇಳಿಸಬೇಕು. ಇಲ್ಫರ್ಡ್ ಎಚ್‌ಪಿ5 ಪ್ಲಸ್ ಫಿಲ್ಮನ್ನು ಐಡಿ-11 ಡೆವಲಪರಿಗೆ ಸಮಪಾಲು ನೀರು ಬೆರೆಸಿ ತೊಳೆದರೆ 20 ಡಿಗ್ರಿಯಲ್ಲಿ 13 ನಿಮಿಷ. 24 ಡಿಗ್ರಿಯಲ್ಲಿ ಅದೇ ಸುಮಾರು 9 ನಿಮಿಷವಾಗುತ್ತದೆ. ಆದರೆ ಸಮಯ 5 ನಿಮಿಷಕ್ಕಿಂತ ಕೆಳಗಿಳಿದರೆ ಡೆವಲಪರ್ ಎಲ್ಲ ಕಡೆ ಒಂದೇ ಸಮನೆ ಹತ್ತುವುದಿಲ್ಲ, ಆಕಾಶದಲ್ಲಿ ಪಟ್ಟೆ ಬೀಳುತ್ತದೆ. ನೀರು ಬೆರೆಸಿ ತೆಳು ಮಾಡಿದ ಡೆವಲಪರ್ ನಮಗೆ ಅನುಕೂಲ ಅನ್ನುವುದು ಇದಕ್ಕೇ. ಹೊತ್ತು ಹೆಚ್ಚಿರುವುದರಿಂದ ಇಳಿಸಲು ಜಾಗ ಇರುತ್ತದೆ.

ಇನ್ನೊಂದು ದಾರಿ ತಂಪು ಮಾಡುವುದು. ಐಸ್ ತುಂಡನ್ನು ಡೆವಲಪರಿಗೆ ನೇರ ಹಾಕಬಾರದು, ತೆಳುವಾಗಿಬಿಡುತ್ತದೆ. ಟಬ್ಬಿನಲ್ಲಿ ನೀರು, ನೀರಿನಲ್ಲಿ ಐಸ್, ಅದರೊಳಗೆ ಬಾಟಲಿಗಳು. ಆದರೆ ಕರೆಂಟು ಹೋಗಿ ಫ್ರಿಜ್ ನಿಂತ ದಿನ ನನಗೆ ದಾರಿ ತೋರಿಸಿದ್ದು ಮಡಕೆ. ನಮ್ಮ ಒಣ ಬೇಸಿಗೆಯಲ್ಲಿ ಮಡಕೆಯ ಮೈಯಿಂದ ನೀರು ಬೇಗ ಆವಿಯಾಗುತ್ತದೆ, ಒಳಗಿನದು ತಣ್ಣಗಾಗುತ್ತದೆ. ಹೊರಗೆ 35 ಡಿಗ್ರಿ ಇದ್ದ ದಿನ ಹಿಂದಿನ ರಾತ್ರಿ ತುಂಬಿಟ್ಟ ಮಡಕೆಯ ನೀರು ನನ್ನ ಥರ್ಮಾಮೀಟರಿನಲ್ಲಿ 24 ತೋರಿಸಿತು. ಈಗ ಅಗಲ ಬಾಯಿಯ ಒಂದು ಮಡಕೆಯನ್ನು ಒದ್ದೆ ಮರಳಿನ ಮೇಲೆ ಕೂರಿಸಿ, ಡೆವಲಪರ್, ಹೈಪೋ, ತೊಳೆಯುವ ನೀರು ಮೂರರ ಬಾಟಲಿಯನ್ನೂ ಒಟ್ಟಿಗೆ ಅದರಲ್ಲಿ ಮುಳುಗಿಸಿಡುತ್ತೇನೆ. ಮೂರೂ ಒಂದೇ ಶಾಖದಲ್ಲಿರುವುದು ಮುಖ್ಯ. ತಣ್ಣನೆಯ ಡೆವಲಪರಿನಿಂದ ತೆಗೆದು ಬಿಸಿ ನೀರಿಗೆ ಹಾಕಿದರೆ ನೆನೆದು ಉಬ್ಬಿದ ಜೆಲಾಟಿನ್ ಸುಕ್ಕುಗಟ್ಟಿ, ಬಿರುಕು ಬಿಟ್ಟ ಕೆರೆಯಂಗಳದಂತಾಗುತ್ತದೆ. ಅದನ್ನು ಸರಿಮಾಡುವ ಉಪಾಯವಿಲ್ಲ.

ಕಲರ್ ರೋಲಿನ ತೊಳೆತ ಬೇರೆ. ಅದಕ್ಕೆ ಸುಮಾರು 38 ಡಿಗ್ರಿ ಬೇಕು, ಮೂರೂಕಾಲು ನಿಮಿಷ. ಬೇಸಿಗೆಯಲ್ಲಿ ನಮಗದು ಸುಲಭ ಅನ್ನಿಸಬಹುದು. ಆದರೆ ಆ ಕೆಮಿಕಲ್ ದುಬಾರಿ, ಕಲಸಿದ ಮೇಲೆ ಬೇಗ ಕೆಡುತ್ತದೆ. ಕಪ್ಪುಬಿಳುಪಿನಿಂದ ಶುರುಮಾಡಿ.

ಕತ್ತಲೆಯ ಖರ್ಚು

ಫಿಲ್ಮ್ ತೊಳೆಯುವುದಕ್ಕೆ ಇಡೀ ಕೋಣೆ ಕತ್ತಲಾಗಬೇಕಿಲ್ಲ. ರೋಲನ್ನು ಡಬ್ಬಿಯಿಂದ ಬಿಚ್ಚಿ ಟ್ಯಾಂಕಿನೊಳಗೆ ಹಾಕುವ ಹತ್ತು ನಿಮಿಷ ಮಾತ್ರ ಪೂರ್ತಿ ಕತ್ತಲೆ ಬೇಕು. ಕೆಂಪು ದೀಪವೂ ಆಗದು, ಈಗಿನ ಫಿಲ್ಮ್ ಕೆಂಪನ್ನೂ ನೋಡುತ್ತದೆ. ಇದಕ್ಕೆ ಚೇಂಜಿಂಗ್ ಬ್ಯಾಗ್ ಅಂತ ಬರುತ್ತದೆ. ಎರಡು ಪದರದ ಕಪ್ಪು ಬಟ್ಟೆ, ಎರಡು ಜಿಪ್, ಕೈ ತೂರಿಸಲು ಎಲಾಸ್ಟಿಕ್ ಇರುವ ಎರಡು ತೋಳು. ಒಂದು ಸಲ ಕೊಂಡರೆ ವರ್ಷಗಟ್ಟಲೆ ಬಾಳುತ್ತದೆ. ಕರಿ ಕಂಬಳಿ ಹೊದ್ದು ರಾತ್ರಿ ಮಾಡಿದರಾಗದೇ ಅಂತ ನಾನೂ ನೋಡಿದೆ. ಕತ್ತಲೇನೋ ಆಗುತ್ತದೆ, ಉಣ್ಣೆಯ ಎಳೆಗಳು ಉದುರಿ ಫಿಲ್ಮಿಗೆ ಅಂಟುತ್ತವೆ.

ಬಚ್ಚಲುಮನೆಯನ್ನೇ ಕತ್ತಲೆ ಮಾಡುವವರು ಒಳಗೆ ಹೋಗಿ ಬಾಗಿಲು ಹಾಕಿ ಹತ್ತು ನಿಮಿಷ ಸುಮ್ಮನೆ ಕುಳಿತುಕೊಳ್ಳಬೇಕು. ಮೊದಲು ಏನೂ ಕಾಣದು. ಕಣ್ಣು ಹೊಂದಿಕೊಳ್ಳುತ್ತ ಹೋದ ಹಾಗೆ ಬಾಗಿಲ ಸಂದು, ವೆಂಟಿಲೇಟರಿನ ಮೂಲೆ, ಗೀಸರಿನ ಕೆಂಪು ಚುಕ್ಕೆ ಒಂದೊಂದೇ ಹೊಳೆಯತೊಡಗುತ್ತವೆ. ಅವನ್ನೆಲ್ಲ ಮುಚ್ಚಿದ ಮೇಲೆ ಮುಖದ ಮುಂದೆ ಹಿಡಿದ ಬಿಳಿ ಕಾಗದ ಕಾಣದಿದ್ದರೆ ಆ ಕೋಣೆ ಸರಿ.

ಟ್ಯಾಂಕು ಅಂದರೆ ಬೆಳಕು ಹೋಗದ, ನೀರು ಮಾತ್ರ ಹೋಗುವ ಮುಚ್ಚಳದ ಡಬ್ಬಿ. ಅದರೊಳಗೆ ಸುರುಳಿ ಸುರುಳಿ ತೋಡು ಇರುವ ರೀಲು. ಪ್ಯಾಟರ್ಸನ್ ಪ್ಲಾಸ್ಟಿಕ್ ಟ್ಯಾಂಕು ಹೊಸಬರ ಕೈಗೆ ಚೆನ್ನಾಗಿ ಹೊಂದುತ್ತದೆ. ಹಳೆಯ ಸ್ಟುಡಿಯೊದವರ ಹತ್ತಿರ ಸ್ಟೀಲಿನದು ಇರುತ್ತದೆ. ಅದು ಮುರಿಯುವುದಿಲ್ಲ, ಕಲಿಯಲು ಕಷ್ಟ. ಕೊಂಡ ತಕ್ಷಣ ಒಳ್ಳೆಯ ರೋಲು ಹಾಕಬೇಡಿ. ಒಂದು ಕೆಟ್ಟ ರೋಲನ್ನು ಬಲಿ ಕೊಟ್ಟು, ಮೊದಲು ಬೆಳಕಿನಲ್ಲಿ ನೋಡಿಕೊಂಡು, ಆಮೇಲೆ ಕಣ್ಣು ಮುಚ್ಚಿಕೊಂಡು ಹತ್ತು ಹದಿನೈದು ಸಲ ಸುತ್ತಿ. ಫಿಲ್ಮಿನ ತುದಿಯನ್ನು ನೇರ ಕತ್ತರಿಸಿ, ಎರಡು ಮೂಲೆಯನ್ನೂ ಉಗುರಿನಷ್ಟು ದುಂಡಗೆ ಮಾಡಿ. ರೀಲಿನ ಬಾಯಲ್ಲಿರುವ ಎರಡು ಸಣ್ಣ ಗುಂಡು ಬೆರಳಿಗೆ ಸಿಕ್ಕುತ್ತದೆ, ತುದಿಯನ್ನು ಅದರಾಚೆ ತಳ್ಳಿ, ಎಡಗೈ ಹಿಡಿದು ಬಲಗೈ ಮುಂದೆ, ಬಲಗೈ ಹಿಡಿದು ಎಡಗೈ ಮುಂದೆ. ಸರಿಯಾಗಿ ಹೋಗುತ್ತಿದ್ದರೆ ಅಕ್ಕಿ ಆರಿಸುವಾಗಿನ ಹಾಗೆ ಒಂದೇ ಸಮನೆ ಸಣ್ಣ ಸರಬರ ಸದ್ದು. ಸದ್ದು ನಿಂತು ಕರಕರ ಅಂದರೆ ಫಿಲ್ಮ್ ತೋಡು ತಪ್ಪಿದೆ. ಬಲವಂತ ಮಾಡದೆ ಹಿಂದಕ್ಕೆಳೆದು ಮತ್ತೆ ಶುರುಮಾಡಿ. ರೀಲಿನಲ್ಲಿ ನೀರಿನ ಪಸೆಯಿದ್ದರೂ, ಸೆಖೆಗೆ ಬ್ಯಾಗಿನೊಳಗೆ ಕೈ ಬೆವತರೂ ಫಿಲ್ಮ್ ಅಲ್ಲೇ ಕಚ್ಚಿಕೊಳ್ಳುತ್ತದೆ. ಮೇ ತಿಂಗಳಲ್ಲಿ ನಾನು ಈ ಕೆಲಸವನ್ನು ಬೆಳಗಿನ ಜಾವ ಮಾಡುತ್ತೇನೆ.

ಸಲ್ಫೈಟ್, ಸಲ್ಫೇಟ್, ಸಲ್ಫೈಡ್

ಕೆಮಿಕಲ್ಲನ್ನು ತಯಾರಾದ ಪ್ಯಾಕೆಟಿನಲ್ಲಿ ಕೊಳ್ಳಬಹುದು, ಬಿಡಿಬಿಡಿಯಾಗಿ ತಂದು ಕಲಸಿಕೊಳ್ಳಲೂಬಹುದು. ಆಮದಿನ ಪ್ಯಾಕೆಟ್ ಸಲೀಸು, ಆದರೆ ಬೇಕಾದಾಗ ಸಿಗುತ್ತದೆಂಬ ಭರವಸೆ ಇಲ್ಲ. ಒಂದು ಕಾಲದಲ್ಲಿ ನಮಗೆ ಹತ್ತಿರದಲ್ಲೇ, ಊಟಿಯಲ್ಲಿ, ಸರ್ಕಾರದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಇತ್ತು. 1960ರಲ್ಲಿ ಸ್ಥಾಪನೆಯಾಗಿ 1967ರಲ್ಲಿ ಉತ್ಪಾದನೆ ಶುರುಮಾಡಿದ ಆ ಕಾರ್ಖಾನೆಯ ‘ಇಂದು’ ಫಿಲ್ಮೂ ಪೇಪರೂ ನಮ್ಮ ಕಡೆಯ ಸ್ಟುಡಿಯೊಗಳಲ್ಲಿ ಓಡಿದವು. ಅದು ಮುಚ್ಚಿದ ಮೇಲೆ ಫಿಲ್ಮಿಗೆ ಇಂಗ್ಲೆಂಡು, ಅಮೆರಿಕ, ಚೆಕ್ ದೇಶಗಳ ದಾರಿ ಕಾಯಬೇಕಾಗಿದೆ. ಡೆವಲಪರಿಗೆ ಮಾತ್ರ ಕಾಯಬೇಕಿಲ್ಲ.

ಕೊಡಕ್‌ನ ಡಿ-76 ಅನ್ನುವ ಡೆವಲಪರ್ 1920ರ ದಶಕದ್ದು, ಅದರ ಸೂತ್ರ ಎಲ್ಲರಿಗೂ ತೆರೆದಿದೆ. ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೊಕ್ವಿನೋನ್ 5 ಗ್ರಾಂ, ಬೊರಾಕ್ಸ್ 2 ಗ್ರಾಂ. ಕಾಲೇಜು ಲ್ಯಾಬುಗಳಿಗೆ ಸರಬರಾಜು ಮಾಡುವ ಬೆಂಗಳೂರಿನ ಅಂಗಡಿಗಳಲ್ಲಿ ಇವನ್ನು ಕೇಳಿ ತರಬಹುದು. ಅಂಗಡಿಯಲ್ಲಿ ನಿಂತಾಗ ಎಚ್ಚರ ಬೇಕಾದದ್ದು ಹೆಸರಿನ ಕೊನೆಯ ಅಕ್ಷರಕ್ಕೆ. ಬೇಕಾದದ್ದು ಸಲ್ಫೈಟ್. ಸಲ್ಫೇಟ್ ತಂದರೆ ಡೆವಲಪರ್ ಆಗುವುದಿಲ್ಲ. ಸಲ್ಫೈಡ್ ವಿಷದ ಪದಾರ್ಥ, ಪೇಪರನ್ನು ಕಂದು ಮಾಡಲಷ್ಟೇ ಬಳಸುತ್ತಾರೆ. ಚೀಟಿಯಲ್ಲಿ ಬರೆದುಕೊಂಡು ಹೋಗಿ, ಬಾಟಲಿಯ ಲೇಬಲ್ ನೋಡಿ ದುಡ್ಡು ಕೊಡಿ. ಸಲ್ಫೈಟ್ ‘ಅನ್‌ಹೈಡ್ರಸ್’, ಅಂದರೆ ನೀರಿನ ಅಂಶವಿಲ್ಲದ್ದು ಆಗಿರಬೇಕು.

ಜೊತೆಗೆ 0.1 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಒಂದು ಬೇಕು. ಸುಮಾರು 50 ಡಿಗ್ರಿ ಬಿಸಿಯ ಮುಕ್ಕಾಲು ಲೀಟರ್ ಆರ್‌ಒ ನೀರಿಗೆ ಮೊದಲು ಒಂದು ಚಿಟಿಕೆ ಸಲ್ಫೈಟ್, ಆಮೇಲೆ ಮೆಟಾಲ್, ಅದು ಪೂರ್ತಿ ಕರಗಿದ ಮೇಲೆ ಉಳಿದ ಸಲ್ಫೈಟ್, ಹೈಡ್ರೊಕ್ವಿನೋನ್, ಬೊರಾಕ್ಸ್. ಕ್ರಮ ತಪ್ಪಿಸಿ ಸಲ್ಫೈಟನ್ನೆಲ್ಲ ಮೊದಲೇ ಸುರಿದರೆ ಮೆಟಾಲ್ ಕರಗದೆ ತೇಲುತ್ತದೆ. ಆ ಚಿಟಿಕೆ ಯಾಕೆ ಅಂದರೆ, ನೀರಿನಲ್ಲಿರುವ ಆಮ್ಲಜನಕ ಮೆಟಾಲನ್ನು ಕೆಡಿಸದಂತೆ ಸಲ್ಫೈಟ್ ಅದನ್ನು ಮೊದಲೇ ಹೀರಿಕೊಳ್ಳುತ್ತದೆ. ಕೊನೆಗೆ ತಣ್ಣೀರು ಸೇರಿಸಿ ಒಂದು ಲೀಟರ್ ಮಾಡಿ, ಕಂದು ಬಾಟಲಿಯಲ್ಲಿ ಕತ್ತಿನವರೆಗೆ ತುಂಬಿ, ಒಂದು ರಾತ್ರಿ ಬಿಟ್ಟು ಬಳಸಿ. ಮೆಟಾಲ್ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ, ತುರಿಕೆ ಗಾಯವಾಗುತ್ತದೆ. ಗ್ಲೌಸ್ ಹಾಕಿಕೊಳ್ಳಿ. ಇದಕ್ಕೆ ಬಳಸಿದ ಜಗ್ಗು, ಚಮಚ ಮತ್ತೆ ಅಡುಗೆಮನೆಗೆ ಹೋಗಬಾರದು.

ಹೈಪೋ ಹರಳು ಸುಲಭವಾಗಿ ಸಿಗುತ್ತದೆ, ಅಗ್ಗ. ಕಲ್ಲುಸಕ್ಕರೆಯ ಹಾಗೆ ಕಾಣುವ ಹರಳಾದರೆ ಲೀಟರಿಗೆ 250 ಗ್ರಾಂ. ಪುಡಿಯಂತಿರುವ ಅನ್‌ಹೈಡ್ರಸ್ ಆದರೆ 160 ಗ್ರಾಂ ಸಾಕು, ಅದರಲ್ಲಿ ನೀರಿನ ಅಂಶ ಇರುವುದಿಲ್ಲ. ಹರಳು ಕರಗುವಾಗ ಶಾಖವನ್ನು ಎಳೆದುಕೊಳ್ಳುತ್ತದೆ. ಕದಡುತ್ತಿದ್ದಂತೆ ಜಗ್ಗು ಕೈಗೆ ತಣ್ಣಗೆ ಕೊರೆಯುತ್ತದೆ, ಕೆಲವು ದಿನ ಹೊರಮೈ ಬೆವರುವುದೂ ಉಂಟು. ಆದ್ದರಿಂದ ಬೆಚ್ಚಗಿನ ನೀರಿನಲ್ಲಿ ಶುರುಮಾಡಿ.

ಕಾಫಿಯಲ್ಲೂ ಫಿಲ್ಮ್ ತೊಳೆಯಬಹುದು ಅನ್ನುವುದು ಹುಸಿಯಲ್ಲ. ಅಮೆರಿಕದ ರಾಚೆಸ್ಟರ್ ತಾಂತ್ರಿಕ ಸಂಸ್ಥೆಯ ಪ್ರಾಧ್ಯಾಪಕ ಸ್ಕಾಟ್ ವಿಲಿಯಮ್ಸ್ 1995ರಲ್ಲಿ ವಿದ್ಯಾರ್ಥಿಗಳ ಜೊತೆ ಮಾಡಿ ತೋರಿಸಿದರು. ಈಗ ಹೆಚ್ಚು ಜನ ಬಳಸುವ ಅಳತೆ ಲೀಟರಿಗೆ ಅನ್‌ಹೈಡ್ರಸ್ ವಾಷಿಂಗ್ ಸೋಡಾ 54 ಗ್ರಾಂ, ವಿಟಮಿನ್ ಸಿ 16 ಗ್ರಾಂ, ಇನ್‌ಸ್ಟಂಟ್ ಕಾಫಿ 40 ಗ್ರಾಂ, 20 ಡಿಗ್ರಿಯಲ್ಲಿ 15 ನಿಮಿಷ. ಕೆಲಸ ಮಾಡುವುದು ಕೆಫೀನ್ ಅಲ್ಲ, ಕಾಫಿಯಲ್ಲಿರುವ ಕೆಫೀಯಿಕ್ ಆಮ್ಲ. ನಮ್ಮ ಅಂಗಡಿಯ ಇನ್‌ಸ್ಟಂಟ್ ಪುಡಿಗಳಲ್ಲಿ ಅನೇಕಕ್ಕೆ ಚಿಕೋರಿ ಬೆರೆಸಿರುತ್ತಾರೆ, ಅದರಿಂದ ಅಳತೆ ತಪ್ಪುತ್ತದೆ. ಪೂರ್ತಿ ಕಾಫಿ ಎಂದು ಬರೆದದ್ದನ್ನೇ ತನ್ನಿ. ವಾಸನೆ ಮಾತ್ರ ಮನೆಯವರು ಸಹಿಸುವಂಥದಲ್ಲ.

ತೊಳೆಯುವ ಕ್ರಮ ಇಷ್ಟು. ಡೆವಲಪರ್ ಹೊಯ್ದು, ಟ್ಯಾಂಕನ್ನು ಎರಡು ಸಲ ತಟ್ಟಿ ಗುಳ್ಳೆ ಬಿಡಿಸಿ, ಮೊದಲ ಹತ್ತು ಸೆಕೆಂಡು ನಾಲ್ಕು ಸಲ ತಿರುಗಿಸಿ, ಆಮೇಲೆ ಪ್ರತಿ ನಿಮಿಷಕ್ಕೊಮ್ಮೆ ಹಾಗೆಯೇ. ಹೊತ್ತು ಮುಗಿದ ಮೇಲೆ ಚೆಲ್ಲಿ, ಡೆವಲಪರಿನ ಕೆಲಸ ನಿಲ್ಲಿಸಲು ಅರ್ಧ ನಿಮಿಷ ಸ್ಟಾಪ್ ಬಾತ್. ಅಡುಗೆಯ ಬಿಳಿ ವಿನಿಗರ್ ಒಂದು ಪಾಲಿಗೆ ಮೂರು ಪಾಲು ನೀರು ಬೆರೆಸಿದರೂ ಆಯಿತು. ಆಮೇಲೆ ಹೈಪೋ. ಹೈಪೋದಲ್ಲಿ ಎಷ್ಟು ಹೊತ್ತು ಅನ್ನುವುದಕ್ಕೆ ಗಡಿಯಾರಕ್ಕಿಂತ ಒಳ್ಳೆಯ ಪರೀಕ್ಷೆ ಇದೆ. ಕತ್ತರಿಸಿಟ್ಟ ಫಿಲ್ಮ್ ತುದಿಯನ್ನು ಹೈಪೋಗೆ ಹಾಕಿ, ಹಾಲಿನ ಬಣ್ಣ ಹೋಗಿ ಗಾಜಿನಂತೆ ತಿಳಿಯಾಗಲು ಎಷ್ಟು ಹೊತ್ತು ಹಿಡಿಯಿತು ನೋಡಿ, ಅದರ ಎರಡರಷ್ಟು ಇಡಿ. ಹೊಸ ಹೈಪೋದಲ್ಲಿ ಹಿಡಿದದ್ದರ ದುಪ್ಪಟ್ಟು ಹೊತ್ತು ಹಿಡಿದ ದಿನ ಆ ಹೈಪೋ ಮುಗಿಯಿತು ಅಂತ ಅರ್ಥ.

ಒಣಗಿಸುವಾಗ ಮಾಲೂರಿನವರು ಇಟ್ಟಿಗೆ ಗೂಡಿನ ಧೂಳನ್ನು, ಉಳಿದವರು ಕೆಮ್ಮಣ್ಣನ್ನು ನೆನೆಸಿಕೊಳ್ಳಿ. ಬಚ್ಚಲಿನಲ್ಲಿ ಸ್ವಲ್ಪ ಹೊತ್ತು ಬಿಸಿನೀರು ಬಿಟ್ಟರೆ ಹಬೆ ಧೂಳನ್ನು ಕೆಳಗೆ ಕೂರಿಸುತ್ತದೆ. ಮೇಲೊಂದು ಬಟ್ಟೆ ಕ್ಲಿಪ್ಪು, ಕೆಳಗೆ ಭಾರಕ್ಕೆ ಇನ್ನೊಂದು, ಬಾಗಿಲು ಮುಚ್ಚಿ ಮೂರು ಗಂಟೆ.

ಈಗ ಕ್ಯಾಮರಾ, ಫಿಲ್ಮ್

ಮೊದಲು ಮನೆಯ ಅಟ್ಟ ನೋಡಿ. ನಮ್ಮ ಅನೇಕ ಮನೆಗಳಲ್ಲಿ ಅಗ್ಫಾ ಕ್ಲಿಕ್-3 ಅಥವಾ ಐಸೊಲಿ ಸುಮ್ಮನೆ ಕುಳಿತಿರುತ್ತದೆ. ಬರೋಡಾದಲ್ಲಿ ತಯಾರಾಗಿ ದೇಶದ ಮೂಲೆ ಮೂಲೆಗೆ ಹೋದ ಕ್ಯಾಮರಾಗಳು ಅವು. ಅವಕ್ಕೆ ಹಾಕುವ 120 ರೋಲನ್ನು ಕೊಡಕ್ 1901ರಲ್ಲಿ ತಂದದ್ದು, ಇಂದಿಗೂ ತಯಾರಾಗುತ್ತಿದೆ. ಕ್ಲಿಕ್-3ರಲ್ಲಿ 12 ಚೌಕ ಚಿತ್ರ ಬರುತ್ತವೆ, ಐಸೊಲಿಯಲ್ಲಿ 16. ಬ್ಯಾಟರಿ ಬೇಡ. ಕೋಲಾರದ ಬಿಸಿಲಿಗೆ ಇವು ಹೇಳಿ ಮಾಡಿಸಿದ್ದು.

ಹಳೆಯ 35 ಎಂಎಂ ಕೊಳ್ಳುವುದಾದರೆ ಪೆಂಟಾಕ್ಸ್ ಕೆ1000, ನಿಕಾನ್ ಎಫ್‌ಎಂ10 ತರಹದವು ಒಳ್ಳೆಯದು. ಶಟರ್ ಬ್ಯಾಟರಿ ಇಲ್ಲದೆ ಓಡುತ್ತದೆ, ಬ್ಯಾಟರಿ ಮೀಟರಿಗೆ ಮಾತ್ರ. ಬೆಂಗಳೂರಿನ ಚಿಕ್ಕಪೇಟೆ ಕಡೆಯ ಭಾನುವಾರದ ಬಜಾರಿರಲಿ, ಮದುವೆ ಫೋಟೊ ತೆಗೆಯುತ್ತಿದ್ದವರ ಮನೆಯಿರಲಿ, ದುಡ್ಡು ಕೊಡುವ ಮುಂಚೆ ಹಿಂಬಾಗಿಲು ತೆಗೆದು ಶಟರನ್ನು ಒಂದು ಸೆಕೆಂಡಿಗೆ ಇಟ್ಟು ಒತ್ತಿ ಕೇಳಿ. ಆಮೇಲೆ ಒಂದೊಂದೇ ವೇಗಕ್ಕೆ ಏರಿಸಿ, ಸದ್ದು ಬದಲಾಗುತ್ತ ಹೋಗಬೇಕು. ಲೆನ್ಸಿನ ಹಿಂದಿನಿಂದ ಮೊಬೈಲ್ ಟಾರ್ಚ್ ಹಾಕಿ, ಜೇಡರಬಲೆಯಂಥ ಬೂಷ್ಟು ಇದ್ದರೆ ಬಿಡಿ. ಬಾಗಿಲ ಅಂಚಿನ ಸ್ಪಾಂಜು ಬೆರಳಿಗೆ ಡಾಂಬರಿನಂತೆ ಅಂಟಿದರೆ ಗಾಬರಿ ಬೇಡ, ಅದನ್ನು ಕೆರೆದು ಕಪ್ಪು ಉಣ್ಣೆದಾರ ಅಂಟಿಸಿದರೆ ಬೆಳಕು ನುಗ್ಗುವುದಿಲ್ಲ. ಪಾದರಸದ ಬ್ಯಾಟರಿ ಕೇಳುವ ಹಳೆಯ ಮಾಡೆಲ್ಲುಗಳಿಗೆ ಈಗ ಅದು ಸಿಗುವುದಿಲ್ಲ ಅನ್ನುವುದು ನೆನಪಿರಲಿ.

ಫಿಲ್ಮ್ ಈಗ ರೋಲಿಗೆ ಸಾವಿರ ರೂಪಾಯಿಯ ಆಸುಪಾಸು. ಇದರಲ್ಲಿ ಉಳಿತಾಯವಾಗುವುದು 30.5 ಮೀಟರಿನ ದೊಡ್ಡ ಸುರುಳಿ ಕೊಂಡರೆ. ಅದರಿಂದ 36 ಚಿತ್ರದ ಸುಮಾರು 18 ರೋಲು ಆಗುತ್ತವೆ. ತುಂಬಿಕೊಳ್ಳಲು ಬಲ್ಕ್ ಲೋಡರ್ ಮತ್ತು ಖಾಲಿ ಡಬ್ಬಿಗಳು ಬೇಕು. ನಾವು ಮೂವರು ಸೇರಿ ಒಂದು ಸುರುಳಿ ಹಂಚಿಕೊಂಡೆವು. ಕೊರಿಯರಿನಲ್ಲಿ ತರಿಸುವವರು ನವೆಂಬರಿನಿಂದ ಜನವರಿಯೊಳಗೆ ತರಿಸಿ ಫ್ರಿಜ್ಜಿನಲ್ಲಿಡಿ, ಬೇಸಿಗೆಯ ಗೋಡೌನಿನಲ್ಲಿ ನಾಲ್ಕು ದಿನ ಬೆಂದ ಫಿಲ್ಮ್ ಮಂಕಾಗುತ್ತದೆ. ಹೊರದೇಶದಿಂದ ಬರುವವರ ಕೈಯಲ್ಲಿ ತರಿಸಿದರೆ ಕೈಚೀಲದಲ್ಲೇ ಇಟ್ಟುಕೊಂಡು, ಯಂತ್ರಕ್ಕೆ ಹಾಕದೆ ಕೈಯಲ್ಲಿ ನೋಡಿ ಅಂತ ಕೇಳಲು ಹೇಳಿ. ದೊಡ್ಡ ಲಗೇಜಿನ ಎಕ್ಸ್‌ರೇ ಫಿಲ್ಮನ್ನು ಕೆಡಿಸುತ್ತದೆ. ಸಿನಿಮಾ ಫಿಲ್ಮನ್ನು ಸಣ್ಣ ಡಬ್ಬಿಗೆ ತುಂಬಿ ಮಾರುವವರೂ ಇದ್ದಾರೆ. ಹಿಂಬದಿಯಲ್ಲಿ ಕಪ್ಪು ಇಂಗಾಲದ ಪದರವಿರುವ ಕಲರ್ ಸಿನಿಮಾ ಫಿಲ್ಮನ್ನು ಮಾಮೂಲಿ ಲ್ಯಾಬಿಗೆ ಹೇಳದೆ ಕೊಡಬಾರದು, ಆ ಪದರ ಕಳಚಿ ಅವರ ಇಡೀ ಯಂತ್ರದ ಕೆಮಿಕಲ್ ಹಾಳಾಗುತ್ತದೆ.

ಬಿಸಿಲಿನ ಲೆಕ್ಕಕ್ಕೆ ಮೀಟರೂ ಬೇಡ. ನೆತ್ತಿಯ ಬಿಸಿಲಿಗೆ ಎಫ್/16, ಶಟರ್ ವೇಗ ಫಿಲ್ಮಿನ ಐಎಸ್‌ಒ ಎಷ್ಟೋ ಅಷ್ಟರಲ್ಲೊಂದು ಪಾಲು ಸೆಕೆಂಡು. ಶ್ರೀನಿವಾಸಪುರದ ಮಾವಿನ ತೋಪಿನ ನೆರಳಿಗೆ ಹೋದರೆ ಮೂರು ಸ್ಟಾಪ್ ತೆರೆಯಿರಿ. ಕಷ್ಟವಿರುವುದು ಕೋಲಾರಮ್ಮನ ಗುಡಿಯಂಥ ಕತ್ತಲೆಯ ಮಂಟಪಗಳಲ್ಲಿ. ಬೆಳಕು ತೀರ ಕಡಿಮೆಯಾದಾಗ ಫಿಲ್ಮ್ ಮಂದವಾಗುತ್ತದೆ. ಮೀಟರು 10 ಸೆಕೆಂಡು ಅಂದರೆ ಎಚ್‌ಪಿ5ಗೆ 20 ಕೊಡಬೇಕು. ಅಲ್ಲಿ ಟ್ರೈಪಾಡ್ ಇಡಲು ಪುರಾತತ್ವ ಇಲಾಖೆಯ ಅನುಮತಿ ಬೇಕು, ಗರ್ಭಗುಡಿಯತ್ತ ಕ್ಯಾಮರಾ ತಿರುಗಿಸಬೇಡಿ.

ನೆಗೆಟಿವ್ ಅನ್ನು ದೊಡ್ಡದು ಮಾಡಿ ಪೇಪರಿಗೆ ಹಾಕುವ ಎನ್ಲಾರ್ಜರನ್ನು ಮೊದಲ ವರ್ಷವೇ ಕೊಳ್ಳುವುದು ಬೇಡ. ನಾನು ದೂರದಿಂದ ತರಿಸಿದ ಒಂದರ ಕಂಡೆನ್ಸರ್ ಗಾಜು ಒಡೆದು ಬಂತು, ಹಳೆಯದಾದ್ದರಿಂದ ಬಿಡಿಭಾಗ ಹುಡುಕಲು ಆರು ತಿಂಗಳು ಹಿಡಿಯಿತು. ಕಣ್ಣಾರೆ ಕಂಡು, ದೀಪ ಹೊತ್ತಿಸಿ ನೋಡಿ ತರುವ ವಸ್ತು ಅದು. 1971ರಿಂದ ನಡೆಯುತ್ತಿರುವ ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂಥ ಕಡೆ ಹಿರಿಯರನ್ನು ವಿಚಾರಿಸಿದರೆ ಡಾರ್ಕ್‌ರೂಮ್ ಕಂಡವರು ಸಿಗುತ್ತಾರೆ. ಅಲ್ಲಿಯವರೆಗೆ 120 ನೆಗೆಟಿವ್ ಅನ್ನು ಫೋಟೊ ಪೇಪರಿನ ಮೇಲೆ ನೇರ ಇಟ್ಟು, ಮೇಲೊಂದು ಗಾಜು ಒತ್ತಿ, ಜೀರೊ ಬಲ್ಬನ್ನು ಒಂದೆರಡು ಸೆಕೆಂಡು ಹಾಕಿ ಆರಿಸಿ. ಪೇಪರಿಗೆ ಕೆಂಪು ದೀಪ ಕಾಣುವುದಿಲ್ಲವಾದ್ದರಿಂದ ತಟ್ಟೆಯಲ್ಲಿ ಚಿತ್ರ ಏಳುವುದನ್ನು ಕಣ್ಣಾರೆ ನೋಡಬಹುದು. ಅಜ್ಜಿಯ ಆಲ್ಬಮ್ಮಿನ ಅಂಗೈಯಗಲದ ಫೋಟೊಗಳಲ್ಲಿ ಅನೇಕವು ಹೀಗೆ ಹಾಕಿದವೇ.

ಮುಗಿದ ಹೈಪೋ, ಉಳಿದ ನೆಗೆಟಿವ್

ಬಳಸಿದ ಹೈಪೋದಲ್ಲಿ ಬೆಳ್ಳಿ ಕರಗಿರುತ್ತದೆ. ಬೆಳ್ಳಿ ನೀರಿನ ಜೀವಿಗಳಿಗೆ ವಿಷ. ಮೋರಿಗೆ, ಗಿಡಕ್ಕೆ, ಇಂಗುಗುಂಡಿಗೆ ಸುರಿಯಬೇಡಿ. ಬತ್ತಿದ ಕೆರೆಗಳಿಗೆ ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಕೆ.ಸಿ. ವ್ಯಾಲಿ ಪೈಪಿನಲ್ಲಿ ತಂದು ತುಂಬಿಸಿಕೊಳ್ಳುವ ಜಿಲ್ಲೆ ನಮ್ಮದು. ಹಾಳು ಹೈಪೋವನ್ನು ಒಂದು ಪ್ಲಾಸ್ಟಿಕ್ ಕ್ಯಾನಿನಲ್ಲಿ ಕೂಡಿಸಿ, ಅದಕ್ಕೆ ಸಣ್ಣ ಎಳೆಯ ಉಕ್ಕಿನ ನಾರು ಹಾಕಿ ಒಂದೆರಡು ವಾರ ಬಿಡಿ. ಕಬ್ಬಿಣ ಕರಗಿ, ಬೆಳ್ಳಿ ಕಪ್ಪು ಕೆಸರಾಗಿ ಕೆಳಗೆ ಕೂರುತ್ತದೆ. ಕೆಸರನ್ನು ಬಟ್ಟೆಯಲ್ಲಿ ಸೋಸಿ ತೆಗೆದಿಡಿ.

ಇದೇ ಬೆಳ್ಳಿಯ ಆಸೆಗೆ ನಮ್ಮ ಕಡೆ ಇನ್ನೊಂದು ನಷ್ಟ ನಡೆದುಹೋಗಿದೆ. ಸ್ಟುಡಿಯೊ ಮುಚ್ಚಿದಾಗ ಹಳೆಯ ನೆಗೆಟಿವ್‌ಗಳನ್ನು ಎಕ್ಸ್‌ರೇ ಫಿಲ್ಮಿನ ಜೊತೆ ತೂಕಕ್ಕೆ ಹಾಕಿ, ಬೆಳ್ಳಿ ತೆಗೆಯುವವರಿಗೆ ಮಾರಿದರು. ಎಷ್ಟೋ ಊರಿನ ಮದುವೆ, ಜಾತ್ರೆ, ಶಾಲೆಯ ಗುಂಪುಚಿತ್ರ ಹಾಗೆ ಕರಗಿಹೋದವು. ಮುಳಬಾಗಿಲಿನ ಆ ಹಿರಿಯರು ಮಾತ್ರ ಮಾರಲಿಲ್ಲ. ಎರಡನೆಯ ಸಲ ಹೋದಾಗ ಒಳಗಿನಿಂದ ಒಂದು ಬಿಸ್ಕತ್ ಡಬ್ಬ ತಂದು ನನ್ನ ಮುಂದೆ ಇಟ್ಟರು. ಒಳಗೆ ಬಟರ್ ಪೇಪರಿನ ಲಕೋಟೆಗಳು, ಪ್ರತಿಯೊಂದರ ಮೇಲೂ ಪೆನ್ಸಿಲ್ ಅಕ್ಷರ. ಒಂದನ್ನು ಬಿಡಿಸಿ ಬಾಗಿಲ ಬೆಳಕಿಗೆ ಹಿಡಿದರು. ಕರಿಯ ಆಕಾಶ, ಬಿಳಿಯ ಮರದ ಕೆಳಗೆ ಸಾಲು ಸಾಲು ಎತ್ತುಗಳು, ಕೊಂಬಿಗೆ ಕಟ್ಟಿದ ಗೊಂಡೆ ಕೂಡ ಒಂದೊಂದಾಗಿ ಕಾಣುತ್ತಿತ್ತು. ಎಲ್ಲೂ ಒಂದು ಕಲೆಯಿಲ್ಲ. ಲಕೋಟೆಯ ಮೇಲೆ ‘ಆವಣಿ ದನಗಳ ಜಾತ್ರೆ, 1978’ ಅಂತ ಬರೆದಿತ್ತು.

‘ಇದು ಯಾವ ನೀರು?’ ಅಂತ ಕೇಳಿದೆ.

‘ಮಳೆ ನೀರು ಸಾರ್. ಹೆಂಚಿನ ಮನೆ ಸೂರಿಗೆ ಹಂಡೆ ಇಟ್ಟು ಹಿಡೀತಿದ್ವಿ. ಬಟ್ಟೆಯಲ್ಲಿ ಸೋಸಿ, ಕೊನೇ ಮುಳುಗು ಅದರಲ್ಲೇ.’